ಪ್ರಶ್ನೆಯ ರೂಪ, ಉತ್ತರದ ರೂಪ: ಮಾಧ್ಯಮ ಸಂದರ್ಶನಕ್ಕೆ ಪ್ರಶ್ನೆ ಸಿದ್ಧಪಡಿಸುವ ಬಗೆ

ಸಂದರ್ಶನಕ್ಕೆ ಹೊರಡುವ ಮುನ್ನ ಪ್ರಶ್ನೆಗಳನ್ನು ಬರೆದುಕೊಳ್ಳಬೇಕು ಎಂಬುದು ಎಲ್ಲ ವರದಿಗಾರರಿಗೂ ಗೊತ್ತು. ಆದರೆ ಹಾಗೆ ಬರೆದ ಹಾಳೆಯಲ್ಲಿ ನಿಜಕ್ಕೂ ಇರುವುದು ಪ್ರಶ್ನೆಗಳಲ್ಲ, ವಿಷಯಗಳು. 'ರಾಜೀನಾಮೆ', 'ಹಣದ ಲೆಕ್ಕ', 'ಮುಂದಿನ ಯೋಜನೆ' ಎಂದು ಗುರುತು ಹಾಕಿಕೊಂಡು ಹೋದವರು, ಅವುಗಳನ್ನು ಯಾವ ವಾಕ್ಯದಲ್ಲಿ ಕೇಳಬೇಕೆಂಬುದನ್ನು ಆ ಹೊತ್ತಿಗೆ ಬಾಯಿಗೆ ಬಂದ ಮಾತಿಗೆ ಬಿಟ್ಟುಬಿಡುತ್ತಾರೆ. ಸಂದರ್ಶನ ಕೈತಪ್ಪುವುದು ಹೆಚ್ಚಾಗಿ ಇಲ್ಲಿಯೇ. 'ನೀವು ರಾಜೀನಾಮೆ ಕೊಡುತ್ತೀರಾ?' ಎಂದು ಕೇಳಿದರೆ ಒಂದು ಪದದ ಉತ್ತರ ಸಿಗುತ್ತದೆ. 'ರಾಜೀನಾಮೆ ಕೊಡಬೇಕೆಂದು ನಿಮಗೆ ಮೊದಲು ಅನಿಸಿದ್ದು ಯಾವಾಗ?' ಎಂದು ಕೇಳಿದರೆ, ಹಾಗೆ ಅನಿಸಿತ್ತು ಎಂಬ ಒಪ್ಪಿಗೆಯನ್ನು ಉತ್ತರಕ್ಕೆ ಮೊದಲೇ ಅವರ ಮೇಲೆ ಹೊರಿಸಿದಂತಾಗುತ್ತದೆ. 'ಇಷ್ಟೆಲ್ಲ ಆದ ಮೇಲೂ ಕುರ್ಚಿಗೆ ಅಂಟಿಕೊಂಡಿದ್ದೀರಲ್ಲ?' ಎಂದರೆ ಸಿಗುವುದು ಜಗಳ. ಮೂರರಲ್ಲೂ ವಿಷಯ ಒಂದೇ. ಉತ್ತರಕ್ಕೆ ಎಷ್ಟು ಜಾಗ, ಯಾವ ದಿಕ್ಕಿನಲ್ಲಿ ಜಾಗ ಎಂಬುದನ್ನು ಮಾತ್ರ ಪ್ರಶ್ನೆಯ ರೂಪವೇ ತೀರ್ಮಾನಿಸಿದೆ.

ಆದ್ದರಿಂದ ಸಿದ್ಧತೆಯ ಮೊದಲ ಹೆಜ್ಜೆಯಲ್ಲಿ ಪ್ರಶ್ನೆಯನ್ನು ಬದಿಗಿಟ್ಟು ಉತ್ತರದ ಬಗ್ಗೆ ಯೋಚಿಸಬೇಕು. ಪ್ರತಿಯೊಂದು ವಿಷಯದ ಎದುರಿಗೂ, ಅದರಿಂದ ನಿಮಗೆ ಬೇಕಾಗಿರುವುದು ಖಚಿತವಾದ ಒಂದು ಮಾಹಿತಿಯೇ, ನಡೆದದ್ದರ ವಿವರಣೆಯೇ, ಒಪ್ಪಿಗೆ ಅಥವಾ ನಿರಾಕರಣೆಯೇ, ಇಲ್ಲವೇ ಅಭಿಪ್ರಾಯವೇ ಎಂದು ಒಂದೊಂದು ಪದದಲ್ಲಿ ಬರೆದುಕೊಳ್ಳಿ. ಆ ಪದ ನಿಶ್ಚಯವಾದರೆ ಪ್ರಶ್ನೆಯ ರೂಪ ಬಹುಮಟ್ಟಿಗೆ ತಾನಾಗಿಯೇ ನಿಶ್ಚಯವಾಗುತ್ತದೆ.

ತೆರೆದ ಪ್ರಶ್ನೆ

ಏನು, ಹೇಗೆ, ಏಕೆ ಎಂಬವುಗಳಿಂದ ಕೇಳುವ, ಹೌದು-ಇಲ್ಲ ಎಂದು ಮುಗಿಸಲಾಗದ ಪ್ರಶ್ನೆಯನ್ನು ತೆರೆದ ಪ್ರಶ್ನೆ ಎನ್ನುತ್ತೇವೆ. ಇದು ಮೃದುವಾದದ್ದು, ಕಷ್ಟಕ್ಕೆ ಸಿಲುಕಿಸದೆ ಇರುವಂಥದ್ದು ಎಂಬ ತಪ್ಪು ಕಲ್ಪನೆ ಬಹಳ ಜನರಲ್ಲಿದೆ. 1979ರ ನವೆಂಬರ್ 4ರಂದು ಅಮೆರಿಕದ ಸಿಬಿಎಸ್ ವಾಹಿನಿ ಪ್ರಸಾರ ಮಾಡಿದ ಕಾರ್ಯಕ್ರಮದಲ್ಲಿ ರೋಜರ್ ಮಡ್ ಅವರು ಸೆನೆಟರ್ ಎಡ್ವರ್ಡ್ ಕೆನಡಿಯವರಿಗೆ ಕೇಳಿದ ಪ್ರಶ್ನೆಯನ್ನು ನೋಡಿ: ನೀವು ಅಧ್ಯಕ್ಷರಾಗಲು ಬಯಸುವುದೇಕೆ? ಇದರಲ್ಲಿ ಆರೋಪವಿಲ್ಲ, ಕೊಂಕಿಲ್ಲ, ಬಲೆಯೂ ಇಲ್ಲ. ಕೆನಡಿಯವರು ಅಭ್ಯರ್ಥಿತನವನ್ನು ಘೋಷಿಸುವುದಕ್ಕೆ ಕೆಲವೇ ದಿನ ಉಳಿದಿತ್ತು. ಅವರಿಗೆ ಅದಕ್ಕಿಂತ ಸಲೀಸಾದ ಪ್ರಶ್ನೆ ಇನ್ನೊಂದಿರಲಾರದು ಎಂದೇ ಯಾರಾದರೂ ಭಾವಿಸುತ್ತಿದ್ದರು. ಆದರೆ ಅವರು ತಡವರಿಸಿದರು, ದೇಶದ ಸಂಪನ್ಮೂಲ, ಶಿಕ್ಷಣ, ತಂತ್ರಜ್ಞಾನ ಎಂದು ಒಂದರಿಂದ ಇನ್ನೊಂದಕ್ಕೆ ಹಾರಿದರು, ಕೇಳಿದ್ದಕ್ಕೆ ನೇರ ಉತ್ತರ ಬರಲಿಲ್ಲ. ಆ ಚುನಾವಣೆಯಲ್ಲಿ ಅವರಿಗೆ ಪಕ್ಷದ ಉಮೇದುವಾರಿಕೆ ಸಿಗದೆ ಹೋದದ್ದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಆ ಉತ್ತರವನ್ನು ಇಂದಿಗೂ ನೆನೆಯುತ್ತಾರೆ. ಆರೋಪದ ಪ್ರಶ್ನೆಯಾಗಿದ್ದರೆ ಆರೋಪವನ್ನು ಅಲ್ಲಗಳೆಯುವ ಕೆಲಸವಾದರೂ ಅವರಿಗೆ ಸಿಗುತ್ತಿತ್ತು. ತೆರೆದ ಪ್ರಶ್ನೆ ಹಿಡಿದುಕೊಳ್ಳಲು ಏನನ್ನೂ ಕೊಡುವುದಿಲ್ಲ, ಉತ್ತರಿಸುವವರ ಬಳಿ ಸ್ವಂತದ್ದೇನಾದರೂ ಇದೆಯೇ ಇಲ್ಲವೇ ಎಂಬುದು ಅದರಿಂದ ಹೊರಬೀಳುತ್ತದೆ.

ಕೆನಡಾದ ಪತ್ರಕರ್ತ ಜಾನ್ ಸವಾಟ್ಸ್ಕಿ ಸಂದರ್ಶನ ಕಲೆಯನ್ನು ದೀರ್ಘಕಾಲ ಬೋಧಿಸಿದವರು. ಪ್ರಶ್ನೆ ತೆರೆದಿರಬೇಕು, ಬಣ್ಣವಿಲ್ಲದಿರಬೇಕು, ಚಿಕ್ಕದಾಗಿರಬೇಕು ಎಂಬುದೇ ಅವರ ಪಾಠದ ತಿರುಳು. ಮೂರರಲ್ಲಿ ಮೂರನೆಯದನ್ನು ಪಾಲಿಸುವುದೇ ಕಷ್ಟ, ಏಕೆಂದರೆ ತಾವು ಎಷ್ಟು ಓದಿಕೊಂಡು ಬಂದಿದ್ದೇವೆ ಎಂಬುದನ್ನು ಪ್ರಶ್ನೆಯಲ್ಲೇ ತೋರಿಸಿಬಿಡುವ ಆಸೆ ಸಂದರ್ಶಕರನ್ನು ಸುಲಭವಾಗಿ ಬಿಡುವುದಿಲ್ಲ.

ಹಾಗೆಂದು ತೆರೆದದ್ದೆಲ್ಲ ಒಳ್ಳೆಯದೂ ಅಲ್ಲ. 'ನಿಮ್ಮ ಸಂಶೋಧನೆಯ ಬಗ್ಗೆ ಹೇಳಿ' ಎಂದರೆ ವಿಜ್ಞಾನಿ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ, ತಾನು ನೂರಾರು ಸಲ ಒಪ್ಪಿಸಿದ ಪಾಠವನ್ನೇ ಮತ್ತೊಮ್ಮೆ ಒಪ್ಪಿಸುತ್ತಾರೆ. ತೆರೆದ ಪ್ರಶ್ನೆಗೂ ಒಂದು ಎಲ್ಲೆ ಬೇಕು: ಒಂದು ಕಾಲ, ಒಂದು ಘಟನೆ, ಒಂದು ನಿರ್ಧಾರ. 'ಪ್ರಯೋಗದ ಫಲಿತಾಂಶ ನೀವು ಎಣಿಸಿದ್ದಕ್ಕೆ ವಿರುದ್ಧವಾಗಿದೆ ಎಂದು ಗೊತ್ತಾದ ದಿನ ಪ್ರಯೋಗಾಲಯದಲ್ಲಿ ಏನೇನು ನಡೆಯಿತು?' ಎಂಬುದೂ ತೆರೆದ ಪ್ರಶ್ನೆಯೇ. ಆದರೆ ಅದಕ್ಕೆ ಬಾಯಿಪಾಠದ ಉತ್ತರ ಇರುವುದಿಲ್ಲ. ಗೆದ್ದವರ ಮುಂದೆಯೂ ಸೋತವರ ಮುಂದೆಯೂ ಮೈಕ್ ಹಿಡಿದು ಕೇಳುವ 'ಹೇಗನಿಸುತ್ತಿದೆ?' ಎಂಬ ಪ್ರಶ್ನೆ ಸವಕಲಾಗಿರುವುದೂ ಇದೇ ಕಾರಣಕ್ಕೆ. ಅದಕ್ಕೆ ಸಂತೋಷವಾಗುತ್ತಿದೆ ಅಥವಾ ಬೇಸರವಾಗಿದೆ ಎಂಬುದರ ಹೊರತು ಬೇರೆ ಉತ್ತರ ಹೊಳೆಯುವುದು ಅಪರೂಪ. ಭಾವನೆ ಬೇಕಿದ್ದರೆ ಘಟನೆಯನ್ನು ಕೇಳಿ, ಹೇಳುವಾಗ ಭಾವನೆ ತಾನಾಗಿಯೇ ಬರುತ್ತದೆ.

'ಏಕೆ' ಎಂಬುದರ ಬಗ್ಗೆ ಒಂದು ಎಚ್ಚರಿಕೆ. 'ಏಕೆ ತಡವಾಯಿತು?', 'ಯಾಕೆ ತಿಳಿಸಲಿಲ್ಲ?' ಎಂಬ ಮಾತುಗಳು ಕಿವಿಗೆ ಗದರಿಕೆಯಂತೆಯೇ ಕೇಳುತ್ತವೆ. ಕೇಳಿಸಿಕೊಂಡವರು ಕಾರಣ ಕೊಡುವ ಬದಲು ಸಮರ್ಥನೆಗೆ ಇಳಿಯುತ್ತಾರೆ. 'ಆ ತೀರ್ಮಾನಕ್ಕೆ ಬಂದದ್ದು ಹೇಗೆ?', 'ಆಗ ನಿಮ್ಮ ಮುಂದೆ ಯಾವ ಯಾವ ದಾರಿಗಳಿದ್ದವು?' ಎಂದರೆ ಅದೇ ಕಾರಣ ಹೆಚ್ಚಿನ ವಿವರದೊಂದಿಗೆ ಹೊರಬರುತ್ತದೆ. ಗದರಿಕೆಯೇ ಬೇಕಾದ ಸಂದರ್ಭಗಳಿರುತ್ತವೆ. ಆಗ 'ಏಕೆ' ಎಂದೇ ಕೇಳಿ, ಆದರೆ ತಿಳಿದು ಕೇಳಿ.

ಮುಚ್ಚಿದ ಪ್ರಶ್ನೆ

ಹೌದು ಅಥವಾ ಇಲ್ಲ, ಒಂದು ದಿನಾಂಕ, ಒಂದು ಮೊತ್ತ, ಒಂದು ಹೆಸರು: ಇಷ್ಟರಲ್ಲಿ ಮುಗಿಯುವ ಪ್ರಶ್ನೆಗಳನ್ನು ಕೇಳಲೇಬಾರದು ಎಂದು ಹೊಸಬರಿಗೆ ಹೇಳಿಕೊಡುವ ರೂಢಿಯಿದೆ. ನನ್ನ ಮಟ್ಟಿಗೆ ಇದು ಅರೆಬೆಂದ ಉಪದೇಶ. ದಾಖಲೆಯಾಗಿ ಉಳಿಯಬೇಕಾದ ಒಪ್ಪಿಗೆಗೆ ಮುಚ್ಚಿದ ಪ್ರಶ್ನೆಗಿಂತ ಒಳ್ಳೆಯ ಸಾಧನವಿಲ್ಲ. 2013ರ ಜನವರಿಯಲ್ಲಿ ಓಪ್ರಾ ವಿನ್‌ಫ್ರೀ ಅವರು ಸೈಕ್ಲಿಂಗ್ ಪಟು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಅವರ ಸಂದರ್ಶನವನ್ನು ಶುರು ಮಾಡಿದ್ದೇ ಹೌದು ಅಥವಾ ಇಲ್ಲ ಎಂದಷ್ಟೇ ಹೇಳಿ ಎಂಬ ಕಟ್ಟುಪಾಡಿನೊಂದಿಗೆ. ಸಾಮರ್ಥ್ಯ ಹೆಚ್ಚಿಸಿಕೊಳ್ಳಲು ನಿಷೇಧಿತ ಪದಾರ್ಥಗಳನ್ನು ಎಂದಾದರೂ ತೆಗೆದುಕೊಂಡಿದ್ದಿರಾ, ಅವುಗಳಲ್ಲಿ ಇಪಿಒ ಎಂಬ ಮದ್ದೂ ಇತ್ತೇ, ಏಳು ಟೂರ್ ಡಿ ಫ್ರಾನ್ಸ್ ಗೆಲುವುಗಳಲ್ಲೂ ಹೀಗೆ ಮಾಡಿದ್ದಿರಾ ಎಂದು ಒಂದರ ಹಿಂದೆ ಒಂದು ಪ್ರಶ್ನೆ ಬಂತು, ಒಂದರ ಹಿಂದೆ ಒಂದು 'ಹೌದು' ಬಂತು. ವರ್ಷಗಟ್ಟಲೆ ಅಲ್ಲಗಳೆಯುತ್ತ ಬಂದಿದ್ದ ವ್ಯಕ್ತಿಗೆ ಮೊದಲ ನಿಮಿಷದಲ್ಲೇ ವಿವರಣೆಯ ಅವಕಾಶ ಕೊಟ್ಟಿದ್ದರೆ ಆ ವಿವರಣೆಯೇ ಒಪ್ಪಿಗೆಯನ್ನು ಮಸುಕು ಮಾಡುತ್ತಿತ್ತು. ಒಪ್ಪಿಗೆ ಮೊದಲು, ವಿವರಣೆ ಆಮೇಲೆ ಎಂಬ ಸರದಿಯನ್ನು ಸಂದರ್ಶಕಿ ಪ್ರಶ್ನೆಯ ರೂಪದಿಂದಲೇ ಸಾಧಿಸಿಕೊಂಡರು. ಉದ್ದೀಪನ ಮದ್ದು ನಿಗ್ರಹ ಸಂಸ್ಥೆಯ ವಿಸ್ತಾರವಾದ ವರದಿ ಅದಾಗಲೇ ಪ್ರಕಟವಾಗಿತ್ತು ಎಂಬುದನ್ನೂ ಇಲ್ಲಿ ಮರೆಯಬಾರದು. ಹೌದು ಎಂಬ ಉತ್ತರವೇ ಬರಬೇಕಾದಷ್ಟು ಆಧಾರ ಕೈಯಲ್ಲಿದ್ದಾಗ ಮುಚ್ಚಿದ ಪ್ರಶ್ನೆಗಳ ಸಾಲು ಕೆಲಸ ಮಾಡುತ್ತದೆ. ಆಧಾರವಿಲ್ಲದೆ ಕೇಳಿದರೆ 'ಇಲ್ಲ' ಎಂಬ ಒಂದೇ ಮಾತಿಗೆ ಸಾಲು ಕುಸಿಯುತ್ತದೆ.

ಚಿಕ್ಕದಾದ, ಮುಚ್ಚಿದ ಒಂದು ಪ್ರಶ್ನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 1989ರ ನವೆಂಬರ್ 9ರ ಸಂಜೆ ಪೂರ್ವ ಬರ್ಲಿನ್‌ನಲ್ಲಿ ನಡೆದ ಸುದ್ದಿಗೋಷ್ಠಿ ಸಾಕ್ಷಿ. ಗಡಿ ದಾಟುವ ನಿಯಮಗಳನ್ನು ಸಡಿಲಿಸಲಾಗುತ್ತಿದೆ ಎಂದು ಪೂರ್ವ ಜರ್ಮನಿಯ ಆಡಳಿತ ಪಕ್ಷದ ವಕ್ತಾರ ಗುಂಟರ್ ಶಾಬೊವ್ಸ್ಕಿ ಓದಿ ಹೇಳಿದಾಗ ಪತ್ರಕರ್ತರ ಸಾಲಿನಿಂದ ಬಂದ ಪ್ರಶ್ನೆಯ ಸಾರ ಇಷ್ಟೇ: ಇದು ಯಾವಾಗಿನಿಂದ ಜಾರಿ? ಮರುದಿನದಿಂದ ಕ್ರಮವಾಗಿ ಜಾರಿಗೆ ತರುವ ಉದ್ದೇಶವಿದ್ದದ್ದನ್ನು ತಿಳಿಯದ ಶಾಬೊವ್ಸ್ಕಿ ಕಾಗದಗಳನ್ನು ತಿರುವಿ, ತಮಗೆ ತಿಳಿದ ಮಟ್ಟಿಗೆ ಈಗಿನಿಂದಲೇ, ತಡವಿಲ್ಲದೆ ಎಂದುಬಿಟ್ಟರು. ಸುದ್ದಿ ಹರಡಿ ಜನ ಗಡಿಯ ಠಾಣೆಗಳ ಮುಂದೆ ಸೇರಿದರು. ಅದೇ ರಾತ್ರಿ ಬರ್ಲಿನ್ ಗೋಡೆಯ ಬಾಗಿಲುಗಳು ತೆರೆದವು. ಆ ಹೊತ್ತಿನಲ್ಲಿ 'ಈ ಬದಲಾವಣೆಯ ಮಹತ್ವವನ್ನು ಹೇಗೆ ವಿವರಿಸುತ್ತೀರಿ?' ಎಂದು ಯಾರಾದರೂ ಕೇಳಿದ್ದರೆ ಅರ್ಧ ಗಂಟೆಯ ಭಾಷಣ ಸಿಗುತ್ತಿತ್ತು.

ಮುಚ್ಚಿದ ಪ್ರಶ್ನೆಗೆ ಉತ್ತರ ಬಾರದಿದ್ದರೆ? 1997ರ ಮೇ 13ರಂದು ಬಿಬಿಸಿಯ ಜೆರೆಮಿ ಪ್ಯಾಕ್ಸ್‌ಮನ್ ಅವರು ಬ್ರಿಟನ್ನಿನ ಮಾಜಿ ಗೃಹ ಸಚಿವ ಮೈಕೆಲ್ ಹೊವರ್ಡ್ ಅವರಿಗೆ, ಕಾರಾಗೃಹ ಸೇವೆಯ ಮುಖ್ಯಸ್ಥರ ತೀರ್ಮಾನವನ್ನು ತಳ್ಳಿಹಾಕುವುದಾಗಿ ಬೆದರಿಸಿದ್ದಿರಾ ಎಂಬ ಒಂದೇ ಪ್ರಶ್ನೆಯನ್ನು ಹತ್ತಕ್ಕೂ ಹೆಚ್ಚು ಬಾರಿ ಕೇಳಿದರು. ಹೊವರ್ಡ್ ಪ್ರತಿ ಸಲವೂ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿದರು. ಪ್ರಶ್ನೆ ಒಂದಿನಿತೂ ಬದಲಾಗದೆ ಇದ್ದದ್ದರಿಂದಲೇ ಉತ್ತರ ಬರುತ್ತಿಲ್ಲ ಎಂಬುದು ನೋಡುಗರಿಗೆ ಎದ್ದು ಕಂಡಿತು. ಪ್ರತಿ ಬಾರಿಯೂ ಮಾತನ್ನು ತುಸು ಬದಲಿಸಿ ಕೇಳಿದ್ದರೆ ಅದು ಹೊಸ ಪ್ರಶ್ನೆಯಂತೆ ತೋರಿ ನುಣುಚಿಕೊಳ್ಳಲು ಹೊಸ ಸಂದು ಸಿಗುತ್ತಿತ್ತು. (ಮುಂದಿನ ವರದಿ ಪ್ರಸಾರಕ್ಕೆ ಸಿದ್ಧವಿರದ ಕಾರಣ ಸಮಯ ತುಂಬಬೇಕಾಗಿತ್ತು ಎಂದು ಪ್ಯಾಕ್ಸ್‌ಮನ್ ಆಮೇಲೆ ಹೇಳಿದ್ದುಂಟು. ಎಲ್ಲ ಧೈರ್ಯದ ಹಿಂದೆಯೂ ಯೋಜನೆ ಇರಲೇಬೇಕೆಂದಿಲ್ಲ.) ಈ ಉಪಾಯವನ್ನು ಬಳಸಬೇಕಾದದ್ದು ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಉತ್ತರ ನಿಜಕ್ಕೂ ಸಾಧ್ಯವಿರುವಾಗ ಮತ್ತು ಆ ಉತ್ತರ ಎದುರಿಗಿರುವವರಿಗೆ ಖಂಡಿತ ಗೊತ್ತಿರುವಾಗ ಮಾತ್ರ. ಜಟಿಲವಾದ ನೀತಿಯೊಂದರ ಬಗ್ಗೆ 'ಹೌದೋ ಇಲ್ಲವೋ ಹೇಳಿ' ಎಂದು ಪಟ್ಟು ಹಿಡಿಯುವುದು ಬರೀ ಗದ್ದಲ.

ಉತ್ತರವನ್ನು ಒಳಗೇ ಇಟ್ಟುಕೊಂಡ ಪ್ರಶ್ನೆ

1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವೊಂದನ್ನು ಸಂದರ್ಶಕರೆಲ್ಲ ತಿಳಿದಿರಬೇಕು. ವಾಹನ ಅಪಘಾತದ ಚಲನಚಿತ್ರ ತುಣುಕುಗಳನ್ನು ತೋರಿಸಿ, ವಾಹನಗಳು ಎಷ್ಟು ವೇಗದಲ್ಲಿದ್ದವು ಎಂದು ಕೇಳಲಾಯಿತು. ಕೆಲವರಿಗೆ ವಾಹನಗಳು ಅಪ್ಪಳಿಸಿದಾಗ ಎಂದೂ, ಕೆಲವರಿಗೆ ಡಿಕ್ಕಿಯಾದಾಗ ಎಂದೂ, ಇನ್ನು ಕೆಲವರಿಗೆ ತಾಗಿದಾಗ ಎಂದೂ ಹೇಳುವಂತೆ ಒಂದೇ ಕ್ರಿಯಾಪದವನ್ನು ಬದಲಿಸಲಾಗಿತ್ತು. ಅಪ್ಪಳಿಸಿದಾಗ ಎಂದು ಕೇಳಿಸಿಕೊಂಡವರು ಗಂಟೆಗೆ ಸರಾಸರಿ 40 ಮೈಲಿಯಷ್ಟು ಎಂದರೆ, ತಾಗಿದಾಗ ಎಂದು ಕೇಳಿಸಿಕೊಂಡವರು ಹೇಳಿದ್ದು ಸುಮಾರು 32 ಮೈಲಿ. ಇದರ ಮುಂದುವರಿಕೆಯಾಗಿ ನಡೆದ ಪ್ರಯೋಗದಲ್ಲಿ, ಒಂದು ವಾರದ ನಂತರ, ಒಡೆದ ಗಾಜು ಕಂಡಿತ್ತೇ ಎಂದು ಕೇಳಿದಾಗ, 'ಅಪ್ಪಳಿಸಿದ' ಗುಂಪಿನ 50 ಜನರಲ್ಲಿ 16 ಮಂದಿ ಹೌದೆಂದರು. 'ಡಿಕ್ಕಿಯಾದ' ಗುಂಪಿನ 50ರಲ್ಲಿ ಹಾಗೆಂದವರು 7 ಮಂದಿ. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಪ್ರತ್ಯಕ್ಷದರ್ಶಿಯ ಮುಂದೆ ಮೈಕ್ ಹಿಡಿದು 'ಭೀಕರ ಸ್ಫೋಟದ ಶಬ್ದ ಕೇಳಿಸಿತಾ?' ಎಂದು ಕೇಳುವ ವರದಿಗಾರ ಇದೇ ಪ್ರಯೋಗವನ್ನು ತಿಳಿಯದೆ ನಡೆಸುತ್ತಿರುತ್ತಾನೆ. 'ನಿಮಗೆ ಏನು ಕೇಳಿಸಿತು?' ಎಂಬುದಷ್ಟೇ ಅಲ್ಲಿ ಕೇಳಬಹುದಾದ ಪ್ರಶ್ನೆ.

ಕನ್ನಡದಲ್ಲಿ ಪ್ರಶ್ನೆಯೊಳಗೆ ಉತ್ತರವನ್ನು ಸೇರಿಸುವುದು ತೀರ ಸುಲಭ, ಏಕೆಂದರೆ ವಾಕ್ಯದ ಕೊನೆಗೆ ಒಂದು ಬಾಲ ಸೇರಿಸಿದರೆ ಸಾಕು. 'ನಿಮಗೆ ಗೊತ್ತಿತ್ತೇ?' ಎಂಬುದು ಪ್ರಶ್ನೆ, 'ನಿಮಗೆ ಗೊತ್ತಿತ್ತಲ್ಲವೇ?' ಎಂಬುದು ಅರ್ಧ ಆರೋಪ, 'ಗೊತ್ತಿತ್ತು ತಾನೇ?' ಎಂಬುದು ಪೂರ್ತಿ ಆರೋಪ. ಅಮೆರಿಕದ ಅಧ್ಯಕ್ಷರ ಸುದ್ದಿಗೋಷ್ಠಿಗಳನ್ನೂ ಸುದ್ದಿ ಸಂದರ್ಶನಗಳನ್ನೂ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞರಾದ ಸ್ಟೀವನ್ ಕ್ಲೇಮನ್ ಮತ್ತು ಜಾನ್ ಹೆರಿಟೇಜ್ ಅವರು, 'ಅಲ್ಲವೇ' ಧಾಟಿಯ ಪ್ರಶ್ನೆಗಳನ್ನು ಉತ್ತರಿಸುವವರು ಎಷ್ಟೋ ಸಲ ಪ್ರಶ್ನೆಯೆಂದು ಪರಿಗಣಿಸದೆ ಅಭಿಪ್ರಾಯವೆಂದು ಪರಿಗಣಿಸುತ್ತಾರೆ ಎಂಬುದನ್ನು ತೋರಿಸಿದ್ದಾರೆ. ಅಂಥವುಗಳಿಗೆ 'ಹೌದು', 'ಇಲ್ಲ' ಎನ್ನುವ ಬದಲು 'ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ' ಎಂಬ ಉತ್ತರ ಬರುತ್ತದೆ. ಅಲ್ಲಿಂದ ಮುಂದೆ ಚರ್ಚೆ ನಡೆಯುವುದು ಸಂದರ್ಶಕರ ನಿಲುವಿನ ಬಗ್ಗೆ. ಉತ್ತರಿಸಬೇಕಾದವರು ನೆಮ್ಮದಿಯಾಗಿ ಪಾರಾಗಿರುತ್ತಾರೆ.

ಆರೋಪವನ್ನು ಮುಂದಿಡಲೇಬೇಕಾದಾಗ ಅದನ್ನು ಅದರ ಒಡೆಯರ ಹೆಸರಿನಲ್ಲಿ ಮುಂದಿಡಿ. 'ನೀವು ಲೆಕ್ಕವನ್ನು ಮುಚ್ಚಿಟ್ಟಿದ್ದೀರಿ' ಎಂಬುದಕ್ಕೂ 'ಈ ಮೊತ್ತಕ್ಕೆ ರಸೀದಿ ಸಿಕ್ಕಿಲ್ಲವೆಂದು ಲೆಕ್ಕ ಪರಿಶೋಧನಾ ವರದಿಯ ಇಂಥ ಪುಟ ಹೇಳುತ್ತದೆ; ನಿಮ್ಮ ವಿವರಣೆ ಏನು?' ಎಂಬುದಕ್ಕೂ ಇರುವ ಅಂತರ ಸೌಜನ್ಯಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಎರಡನೆಯದರಲ್ಲಿ ಅವರು ಜಗಳವಾಡಬೇಕಾದರೆ ವರದಿಯೊಂದಿಗೆ ಆಡಬೇಕು. ಆದರೆ 'ಜನ ಹೀಗೆ ಹೇಳುತ್ತಿದ್ದಾರೆ', 'ಟೀಕೆ ಕೇಳಿಬರುತ್ತಿದೆ' ಎಂಬಂಥ ಅನಾಮಧೇಯ ಮುನ್ನುಡಿಗಳಿಂದ ಈ ರಕ್ಷಣೆ ಸಿಗುವುದಿಲ್ಲ. ಯಾವ ಜನ ಎಂಬ ಒಂದು ಮರುಪ್ರಶ್ನೆಗೆ ಸಂದರ್ಶಕ ಬಾಯಿ ಕಟ್ಟಿ ಕೂರಬೇಕಾಗುತ್ತದೆ.

ಒಂದು ಪ್ರಶ್ನೆಯನ್ನು ಬಿಡಿಸಿ ನೋಡುವುದು

ಅಣೆಕಟ್ಟೆಯೊಂದರಿಂದ ನೀರು ಬಿಟ್ಟ ಕಾರಣ ಕೆಳಗಿನ ಊರುಗಳಿಗೆ ನೀರು ನುಗ್ಗಿದೆ, ಅಲ್ಲಿಯ ಹಿರಿಯ ಎಂಜಿನಿಯರ್ ಮಾತಿಗೆ ಒಪ್ಪಿದ್ದಾರೆ ಎಂದಿಟ್ಟುಕೊಳ್ಳೋಣ. ವರದಿಗಾರನ ಬಾಯಿಗೆ ಮೊದಲು ಬರುವ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ: 'ಗೇಟುಗಳನ್ನು ತಡವಾಗಿ ತೆರೆದ ನಿಮ್ಮ ನಿರ್ಲಕ್ಷ್ಯದಿಂದಲೇ ಇಷ್ಟು ಅನಾಹುತವಾಗಿದೆ ಎಂದು ಜನ ಹೇಳುತ್ತಿದ್ದಾರೆ, ಇದನ್ನು ಒಪ್ಪುತ್ತೀರಾ, ಇದಕ್ಕೆ ಯಾರು ಹೊಣೆ, ಮತ್ತು ಮುಂದೆ ಹೀಗಾಗದಂತೆ ಏನು ಕ್ರಮ ಕೈಗೊಳ್ಳುತ್ತೀರಿ?'

ಇದರಲ್ಲಿ ಮೂರು ಪ್ರಶ್ನೆಗಳಿವೆ, ಸಾಬೀತಾಗದ ಎರಡು ಊಹೆಗಳಿವೆ, ಕಾವೇರಿಸುವ ಒಂದು ಪದವಿದೆ. ಎಂಜಿನಿಯರ್ ಮೂರರಲ್ಲಿ ಹಗುರವಾದದ್ದನ್ನು ಆರಿಸಿಕೊಳ್ಳುತ್ತಾರೆ. ಮುಂದಿನ ಕ್ರಮಗಳ ಬಗ್ಗೆ ಐದು ನಿಮಿಷ ಮಾತನಾಡಿ ಎದ್ದು ಹೋಗುತ್ತಾರೆ. ಅವರನ್ನು ದೂರುವಂತಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಾರೆ. ಇದನ್ನೇ ಬಿಡಿಸಿ ಹೀಗೆ ಕೇಳಬಹುದು. ನೀರಿನ ಮಟ್ಟ ಅಪಾಯದ ಗುರುತನ್ನು ಮುಟ್ಟಿದೆ ಎಂಬ ಮಾಹಿತಿ ನಿಮಗೆ ಬಂದದ್ದು ಎಷ್ಟು ಹೊತ್ತಿಗೆ? ಆಗ ನೀವು ಏನು ಮಾಡಿದಿರಿ? ಗೇಟು ತೆರೆಯುವ ತೀರ್ಮಾನ ತೆಗೆದುಕೊಳ್ಳಬೇಕಾದವರು ಯಾರು? ಮೊದಲ ಗೇಟು ತೆರೆದದ್ದು ಎಷ್ಟು ಹೊತ್ತಿಗೆ? ಕೆಳಗಿನ ಊರಿನವರಿಗೆ ತಿಳಿಸಿದ್ದು ಯಾವಾಗ, ಹೇಗೆ? ಇಷ್ಟೂ ಪ್ರಶ್ನೆಗಳಲ್ಲಿ ಆರೋಪದ ಸೊಲ್ಲಿಲ್ಲ, ಪ್ರತಿಯೊಂದಕ್ಕೂ ಉತ್ತರ ಅವರಿಗೆ ಗೊತ್ತಿದೆ, ಬೇಸರ ಪಟ್ಟುಕೊಳ್ಳಲು ಕಾರಣವಿಲ್ಲ. ಹೊತ್ತುಗಳು ದಾಖಲಾದ ಮೇಲೆ ಕೊನೆಯ ಪ್ರಶ್ನೆ ಬರಲಿ: 'ಮಾಹಿತಿ ಬಂದದ್ದಕ್ಕೂ ಗೇಟು ತೆರೆದದ್ದಕ್ಕೂ ನಡುವೆ ನಾಲ್ಕು ಗಂಟೆಯಿದೆ. ಆ ನಾಲ್ಕು ಗಂಟೆಯಲ್ಲಿ ಏನಾಯಿತು?' ನಿರ್ಲಕ್ಷ್ಯ ಎಂಬ ಪದವನ್ನು ಸಂದರ್ಶಕ ಬಳಸಬೇಕಾಗಿಯೇ ಇಲ್ಲ. ಒಂದೊಮ್ಮೆ ಆ ನಾಲ್ಕು ಗಂಟೆಗೆ ತಕ್ಕ ಕಾರಣವೇ ಇದ್ದರೆ, ಅದೂ ಓದುಗರಿಗೆ ತಿಳಿಯುತ್ತದೆ. ಮೊದಲ ಪ್ರಶ್ನೆಯ ದಾರಿಯಲ್ಲಿ ಅದು ತಿಳಿಯುವ ಸಂಭವವೇ ಇರಲಿಲ್ಲ.

ಪ್ರಶ್ನೆಯೇ ಇಲ್ಲದ ಪ್ರಶ್ನೆಯೂ ಒಂದಿದೆ. 'ಒಟ್ಟಾರೆ ಜನರಲ್ಲಿ ಬಹಳ ಅಸಮಾಧಾನ ಇದೆ ಸರ್...' ಎಂದು ಎಳೆದು ಮೈಕ್ ಮುಂದೆ ಚಾಚುವುದು. ಇದಕ್ಕೆ ಸಿಗುವುದು ಅವರು ಹೇಳಬೇಕೆಂದುಕೊಂಡು ಬಂದದ್ದು ಮಾತ್ರ. ಬೈಟ್ (ಪ್ರಸಾರಕ್ಕೆ ಬೇಕಾದ ಮಾತಿನ ತುಣುಕು) ಸಿಕ್ಕಿತು ಎಂದು ಸಮಾಧಾನ ಪಟ್ಟುಕೊಳ್ಳಬಹುದು, ಅಷ್ಟೆ.

ಮರುಪ್ರಶ್ನೆ, ಮೌನ, ಸಾರಾಂಶ

ಬರೆದುಕೊಂಡು ಹೋಗಲಾಗದ ಪ್ರಶ್ನೆಗಳೇ ಸಂದರ್ಶನದ ಜೀವಾಳ. 2008ರಲ್ಲಿ ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಸಾರಾ ಪೇಲಿನ್ ಅವರಿಗೆ ಸಿಬಿಎಸ್‌ನ ಕೇಟಿ ಕೂರಿಕ್, ಜಗತ್ತನ್ನು ಅರಿಯಲು ನೀವು ಯಾವ ಪತ್ರಿಕೆಗಳನ್ನು ಓದುತ್ತಿದ್ದಿರಿ ಎಂದು ಕೇಳಿದರು. ಹೆಚ್ಚಿನವನ್ನೆಲ್ಲ ಎಂಬ ಉತ್ತರ ಬಂತು. ಇಲ್ಲಿಗೆ ಬಿಟ್ಟಿದ್ದರೆ ಆ ಮಾತು ಯಾರ ನೆನಪಿನಲ್ಲೂ ಉಳಿಯುತ್ತಿರಲಿಲ್ಲ. ನಿರ್ದಿಷ್ಟವಾಗಿ ಯಾವುವು ಎಂದು ಕೂರಿಕ್ ಕೇಳಿದರು. ಎಲ್ಲವೂ ಎಂದರು ಪೇಲಿನ್. ಕೆಲವನ್ನು ಹೆಸರಿಸಬಲ್ಲಿರಾ ಎಂಬ ಮೂರನೆಯ ಪ್ರಶ್ನೆಗೂ ಹೆಸರು ಬರಲಿಲ್ಲ. ಮೂರೂ ಪ್ರಶ್ನೆಗಳು ಸಾಧಾರಣವಾದವು, ದನಿ ಏರಲಿಲ್ಲ. ಗಟ್ಟಿಯಾದ ಮರುಪ್ರಶ್ನೆಯ ಲಕ್ಷಣವೇ ಇದು: ಹೊಸ ವಿಷಯವನ್ನು ತರದೆ, ಈಗ ಬಂದ ಉತ್ತರದ ಅತ್ಯಂತ ಮಸುಕಾದ ಪದವನ್ನು ಹಿಡಿದು, ಅದನ್ನು ಇನ್ನಷ್ಟು ಬಿಡಿಸಿ ಹೇಳಿ ಎನ್ನುವುದು. 'ಸೂಕ್ತ ಕ್ರಮ' ಎಂದರೆ ಯಾವ ಕ್ರಮ, 'ಶೀಘ್ರದಲ್ಲೇ' ಎಂದರೆ ಯಾವ ತಿಂಗಳು, 'ಕೆಲವರು' ಎಂದರೆ ಯಾರು. ಇದಕ್ಕೆ ಉತ್ತರವನ್ನು ಕಿವಿಗೊಟ್ಟು ಕೇಳಬೇಕು. ಮುಂದಿನ ಪ್ರಶ್ನೆಗಾಗಿ ಹಾಳೆಯ ಮೇಲೆ ಕಣ್ಣಾಡಿಸುತ್ತಿರುವವರಿಗೆ ಆ ಪದ ಕೇಳಿಸುವುದಿಲ್ಲ.

ಮೌನವೂ ಒಂದು ಮರುಪ್ರಶ್ನೆ. ಜೀವನಚರಿತ್ರೆಕಾರ ರಾಬರ್ಟ್ ಕ್ಯಾರೋ ಅವರ ಸಂದರ್ಶನದ ಟಿಪ್ಪಣಿ ಪುಸ್ತಕಗಳಲ್ಲಿ 'ಬಾಯಿ ಮುಚ್ಚಿಕೊಂಡಿರು' ಎಂದು ತಮಗೆ ತಾವೇ ಹೇಳಿಕೊಳ್ಳುವ ಸಂಕೇತಾಕ್ಷರಗಳು ಮತ್ತೆ ಮತ್ತೆ ಬರುತ್ತವೆ ಎಂದು ಅವರೇ ಬರೆದಿದ್ದಾರೆ. ಉತ್ತರ ಮುಗಿದಂತೆ ಕಂಡ ಮೇಲೆ ಒಂದೆರಡು ಉಸಿರಿನಷ್ಟು ಹೊತ್ತು ಸುಮ್ಮನಿದ್ದರೆ, ಆ ಖಾಲಿ ಜಾಗವನ್ನು ತುಂಬಲು ಎದುರಿಗಿರುವವರು ಆಡುವ ಮಾತು ಎಷ್ಟೋ ಸಲ ಮೊದಲ ಉತ್ತರಕ್ಕಿಂತ ನಿಜವಾಗಿರುತ್ತದೆ. ನೇರ ಪ್ರಸಾರದಲ್ಲಿ ಇದಕ್ಕೆ ಅವಕಾಶ ಕಡಿಮೆ.

ಮೂರನೆಯದು, ಅವರ ಮಾತಿನ ಸಾರವನ್ನು ಅವರ ಮುಂದೆಯೇ ಇಟ್ಟು 'ನೀವು ಹೇಳುತ್ತಿರುವುದು ಇದೇ ತಾನೇ' ಎನ್ನುವುದು. 1977ರಲ್ಲಿ ಬ್ರಿಟನ್ನಿನ ಟಿವಿ ಸಂದರ್ಶಕ ಡೇವಿಡ್ ಫ್ರಾಸ್ಟ್ ಅವರು ಅಮೆರಿಕದ ಮಾಜಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರನ್ನು ಹಲವು ದಿನಗಳಲ್ಲಿ, 28 ಗಂಟೆಗೂ ಹೆಚ್ಚು ಕಾಲ ಸಂದರ್ಶಿಸಿದರು. ಅಷ್ಟು ಹೊತ್ತಿನ ಮಾತಿನಲ್ಲಿ ಹೆಚ್ಚು ನೆನಪಿನಲ್ಲಿ ಉಳಿದ ಉತ್ತರಗಳಲ್ಲೊಂದು ಇಂಥ ಸಾರಾಂಶಕ್ಕೆ ಬಂದದ್ದು. ದೇಶದ ಹಿತಕ್ಕೆಂದು ಅಧ್ಯಕ್ಷರು ಭಾವಿಸಿದರೆ ಕಾನೂನಿಗೆ ವಿರುದ್ಧವಾದದ್ದನ್ನು ಮಾಡಬಹುದಾದ ಸಂದರ್ಭಗಳಿವೆ ಎಂದು ನೀವು ಹೇಳುತ್ತಿದ್ದೀರಿ ಎಂಬರ್ಥದಲ್ಲಿ ಫ್ರಾಸ್ಟ್ ಮಾತು ಕಟ್ಟಿಕೊಟ್ಟಾಗ, ಅಧ್ಯಕ್ಷರು ಅದನ್ನು ಮಾಡಿದರೆ ಅದು ಕಾನೂನುಬಾಹಿರವಲ್ಲ ಎಂದೇ ಅರ್ಥ ಎಂದರು ನಿಕ್ಸನ್. ಸಾರಾಂಶ ನ್ಯಾಯವಾಗಿದ್ದರೆ ಅದು ಉತ್ತರಿಸುವವರನ್ನು ಇನ್ನೊಂದು ಹೆಜ್ಜೆ ಮುಂದಿಡಿಸುತ್ತದೆ. ಆಡದ ಮಾತನ್ನು ಸಾರಾಂಶದ ಹೆಸರಿನಲ್ಲಿ ಬಾಯಿಗೆ ತುರುಕಿದರೆ ಮಾತ್ರ ಅಲ್ಲಿಯವರೆಗೆ ಗಳಿಸಿದ ವಿಶ್ವಾಸವೆಲ್ಲ ಒಂದೇ ಏಟಿಗೆ ಹೋಗುತ್ತದೆ.

'ಒಂದು ವೇಳೆ' ಎಂಬ ಪ್ರಶ್ನೆ

ಊಹೆಯ ಪ್ರಶ್ನೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಧಿಕಾರದಲ್ಲಿರುವವರು 'ಊಹೆಗಳಿಗೆ ಉತ್ತರಿಸುವುದಿಲ್ಲ' ಎಂದು ಮುಗಿಸುತ್ತಾರೆ, ಅದು ನ್ಯಾಯವೂ ಹೌದು. ಅವರು ಉತ್ತರಿಸಿದರೂ ಪ್ರಶ್ನೆಯೇ ಸುದ್ದಿಯಾಗಿ ಉತ್ತರ ಮರೆಯಾಗುವ ಅಪಾಯವಿದೆ. 1988ರ ಅಕ್ಟೋಬರ್ 13ರಂದು ಅಮೆರಿಕದ ಅಧ್ಯಕ್ಷೀಯ ಚರ್ಚೆಯಲ್ಲಿ ಪತ್ರಕರ್ತ ಬರ್ನಾರ್ಡ್ ಶಾ ಅವರು, ನಿಮ್ಮ ಪತ್ನಿಯ ಮೇಲೆ ಅತ್ಯಾಚಾರವೆಸಗಿ ಕೊಂದರೆ ಆ ಕೊಲೆಗಾರನಿಗೆ ಮರಣದಂಡನೆಯಾಗಬೇಕೆನ್ನುವಿರಾ ಎಂದು ಅಭ್ಯರ್ಥಿ ಮೈಕೆಲ್ ಡುಕಾಕಿಸ್ ಅವರನ್ನು ಕೇಳಿದರು. ತಾವು ಜೀವನದುದ್ದಕ್ಕೂ ಮರಣದಂಡನೆಯನ್ನು ವಿರೋಧಿಸಿದವರು ಎಂದು ಡುಕಾಕಿಸ್ ಸಮಚಿತ್ತದಿಂದ ಹೇಳಿದ್ದೇ ಅವರಿಗೆ ಮುಳುವಾಯಿತು. ಜನ ನೋಡಿದ್ದು ಅವರ ವಾದವನ್ನಲ್ಲ, ಅವರ ಭಾವರಹಿತ ಮುಖವನ್ನು. ಊಹೆಯ ಬದಲು ಹಿಂದೆ ನಿಜವಾಗಿ ನಡೆದ ಹೋಲುವ ಸಂದರ್ಭವೊಂದನ್ನು ಕೇಳಿದರೆ ಅದೇ ಕೆಲಸ ಆಗುತ್ತದೆ.

ಸರದಿಯೂ ಮಾಧ್ಯಮವೂ

ವಿವರಣೆ ಬೇಕಾದ ಸಂದರ್ಶನದಲ್ಲಿ ಅಗಲವಾದ ಪ್ರಶ್ನೆಯಿಂದ ಶುರು ಮಾಡಿ ಕ್ರಮೇಣ ಕಿರಿದಾಗುತ್ತ ಹೋಗುವುದು ವಾಡಿಕೆ. ಸಂಕೋಚದ ಅಥವಾ ಅನುಮಾನದ ಸ್ವಭಾವದವರೊಂದಿಗೆ ಇದನ್ನು ತಿರುಗಿಸಬೇಕು: ಸುಲಭವಾಗಿ ಉತ್ತರಿಸಬಹುದಾದ ಚಿಕ್ಕ ಮಾಹಿತಿಯ ಪ್ರಶ್ನೆಗಳಿಂದ ಮಾತಿಗೆ ಹದ ತಂದು, ಆಮೇಲೆ ತೆರೆದುಕೊಳ್ಳುವುದು. ಕಠಿಣ ಪ್ರಶ್ನೆಯನ್ನು ಕೊನೆಗಿಡಿ ಎಂಬ ಸಲಹೆ ಸಾಮಾನ್ಯವಾಗಿ ಸರಿಯೇ, ಆದರೆ ಸಮಯವನ್ನು ಅವರೇ ನಿಗದಿ ಮಾಡಿರುವಾಗ, ಸಹಾಯಕರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿರುವಾಗ, ಕೊನೆಗಿಟ್ಟದ್ದು ಕೇಳದೆಯೇ ಉಳಿಯುತ್ತದೆ. ಅಂಥಲ್ಲಿ ಅದನ್ನು ಮಧ್ಯದಲ್ಲಿಡುವುದು ಲೇಸು.

ಬರೆದು ಪ್ರಕಟಿಸುವವರಿಗೆ 'ಹೌದು' ಎಂಬ ಉತ್ತರವೂ ಸಾಕು, ಸುತ್ತಲಿನ ವಾಕ್ಯವನ್ನು ಅವರೇ ಬರೆಯಬಹುದು. ಸಂದರ್ಶಕರ ದನಿಯನ್ನು ತೆಗೆದು ಉತ್ತರವನ್ನಷ್ಟೇ ಬಳಸುವ ದೃಶ್ಯ ಅಥವಾ ಧ್ವನಿ ವರದಿಯಲ್ಲಿ ಆ 'ಹೌದು' ನಿರುಪಯೋಗಿ. ಅಲ್ಲಿ ತೆರೆದ ಪ್ರಶ್ನೆಯನ್ನೇ ಕೇಳಬೇಕು, ಪ್ರಶ್ನೆಯ ಮಾತನ್ನೂ ಸೇರಿಸಿಕೊಂಡು ಉತ್ತರಿಸಿ ಎಂದು ಮೊದಲೇ ಕೋರಬೇಕು. ಇಮೇಲ್‌ನಲ್ಲಿ ಪ್ರಶ್ನೆ ಕಳಿಸುವಾಗ ಮರುಪ್ರಶ್ನೆಯ ಅವಕಾಶವೇ ಇರುವುದಿಲ್ಲವಾದ್ದರಿಂದ, ಕಡಿಮೆ ಪ್ರಶ್ನೆಗಳನ್ನು, ಒಂದೊಂದಕ್ಕೂ ಒಂದೊಂದು ಸಂಖ್ಯೆ ಕೊಟ್ಟು ಕಳಿಸಿ. ಯಾವುದಕ್ಕೆ ಉತ್ತರ ಬಂದಿಲ್ಲ ಎಂಬುದು ಕಣ್ಣಿಗೆ ಕಾಣುತ್ತದೆ, ಅದನ್ನು ವರದಿಯಲ್ಲಿ ಹೇಳಲೂ ಬರುತ್ತದೆ.

ಅಧಿಕಾರಸ್ಥರಿಗೆ ಹೊಂದುವ ಪ್ರಶ್ನೆಯ ರೂಪಗಳು ನೊಂದವರಿಗೂ ಮಕ್ಕಳಿಗೂ ಹೊಂದುವುದಿಲ್ಲ. ಪ್ಯಾಕ್ಸ್‌ಮನ್ ಕೇಳಿದಂತೆ ಒಂದೇ ಪ್ರಶ್ನೆಯನ್ನು ಮಗುವಿಗೆ ಮತ್ತೆ ಮತ್ತೆ ಕೇಳಿದರೆ, ತನ್ನ ಮೊದಲ ಉತ್ತರ ತಪ್ಪಾಗಿರಬೇಕು ಎಂದುಕೊಂಡು ಅದು ಉತ್ತರವನ್ನು ಬದಲಿಸುವ ಸಾಧ್ಯತೆ ಹೆಚ್ಚು. ಸೂಚನೆಯಿರುವ ಪ್ರಶ್ನೆಗೆ ದೊಡ್ಡವರನ್ನು ಮೆಚ್ಚಿಸುವ ಉತ್ತರವನ್ನೂ ಮಕ್ಕಳು ಬಹಳ ಬೇಗ ಕೊಡುತ್ತಾರೆ. ದುರಂತದಲ್ಲಿ ಆಪ್ತರನ್ನು ಕಳೆದುಕೊಂಡವರನ್ನು ಆ ಗಳಿಗೆಯ ಬಗ್ಗೆ ಕೆದಕುವುದಕ್ಕಿಂತ, ತೀರಿಕೊಂಡವರ ಬಗ್ಗೆ ಏನನ್ನು ಹೇಳಲು ಬಯಸುತ್ತೀರಿ ಎಂದು ಕೇಳುವುದು ಮೇಲು. ಎಲ್ಲಿಂದ ಶುರು ಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬ ಹಿಡಿತ ಅವರ ಕೈಯಲ್ಲೇ ಉಳಿಯುತ್ತದೆ. ಇಲ್ಲಿ 'ಏಕೆ' ಎಂಬ ಪ್ರಶ್ನೆ ಬೇಡ. ಅದು ಅವರ ಕಿವಿಗೆ ತಪ್ಪು ಅವರದ್ದೇ ಎಂಬಂತೆ ಕೇಳಿಸಬಹುದು.

ಎದ್ದೇಳುವ ಮುನ್ನ ಎರಡು ಪ್ರಶ್ನೆಗಳನ್ನು ತಪ್ಪಿಸಬೇಡಿ: ನಾನು ಕೇಳದೆ ಬಿಟ್ಟದ್ದು ಏನಾದರೂ ಇದೆಯೇ, ಈ ಬಗ್ಗೆ ಇನ್ನು ಯಾರನ್ನು ಮಾತಾಡಿಸಬೇಕು. ರೆಕಾರ್ಡರ್ ನಿಲ್ಲಿಸಿದ ಮೇಲೆಯೂ ಮಾತು ಮುಂದುವರಿದರೆ, ಅದನ್ನು ಬಳಸಬಹುದೇ ಎಂದು ಅಲ್ಲೇ, ಮುಚ್ಚಿದ ಪ್ರಶ್ನೆಯಾಗಿಯೇ ಕೇಳಿ. ಮರಳಿ ಬಂದು ಸಂದರ್ಶನವನ್ನು ಅಕ್ಷರಕ್ಕಿಳಿಸಿದ ಬಳಿಕ, ಉತ್ತರಗಳನ್ನು ಮುಚ್ಚಿ ನಿಮ್ಮ ಪ್ರಶ್ನೆಗಳನ್ನಷ್ಟೇ ಮೇಲಿನಿಂದ ಕೆಳಗೆ ಓದಿ. ಎರಡು ಸಾಲಿಗಿಂತ ಉದ್ದವಾದದ್ದನ್ನು, 'ಮತ್ತು' ಎಂದು ಜೋಡಿಸಿದ್ದನ್ನು, 'ಅಲ್ಲವೇ' ಎಂದು ಮುಗಿಸಿದ್ದನ್ನು ಗುರುತು ಹಾಕಿ, ಈಗ ಆ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳನ್ನು ತೆರೆದು ನೋಡಿ. ಮುಂದಿನ ಸಂದರ್ಶನದ ಹಾಳೆಯಲ್ಲಿ ತಿದ್ದಬೇಕಾದ ವಾಕ್ಯಗಳು ಯಾವುವೆಂದು ಅಲ್ಲಿಂದಲೇ ತಿಳಿಯುತ್ತದೆ.